ಖಾಲಿ ಬಸ್ಸಿನ ಪಿತೂರಿ

ಬಸ್ಸನ್ನು ಮುಗಿಸಿಬಿಡಬೇಕು ಎಂದು ಜಿಯಾವುಲ್ಲಾ ತೀರ್ಮಾನಿಸಿದ್ದು, ಅವನ ಖಾಯಂ ಗಿರಾಕಿ ಗೋವಿಂದಮ್ಮ ಬಸ್ಸಿನ ಕಿಟಕಿಯಿಂದ ಅವನಿಗೆ ಕೈಬೀಸಿದ ದಿನ. ಹಲಸೂರಿನಿಂದ ರಸೆಲ್ ಮಾರ್ಕೆಟ್ಟಿಗೆ ಎಷ್ಟೋ ವರ್ಷ ಅವನ ಜಟಕಾದಲ್ಲೇ ಹೂವಿನ ಬುಟ್ಟಿ ಇಟ್ಟುಕೊಂಡು ಹೋದ ಹೆಂಗಸು. ಯುದ್ಧದಿಂದಾಗಿ ಪೆಟ್ರೋಲು ಸಿಗದೆ, ಇದ್ದಿಲ ಹೊಗೆಯಲ್ಲಿ ಕೆಮ್ಮುತ್ತ ಓಡುವ ಆ ಡಬ್ಬಿಯೊಳಗೆ ಕೂತು ಈಗ ನಗುತ್ತಿದ್ದಳು. ಅವನ ಹೊಟ್ಟೆ ಉರಿದುಹೋಯಿತು.

ಟೈರಿಗೆ ಮೊಳೆ, ಇದ್ದಿಲಿಗೆ ನೀರು, ಎರಡನ್ನೂ ಯೋಚಿಸಿ ಬಿಟ್ಟ. ಅವು ಜೈಲಿನ ದಾರಿ. ಅಷ್ಟರಲ್ಲಿ ಸುದ್ದಿ ಬಂತು: ಬರುವ ಸೋಮವಾರ ಬಸ್ ಕಂಪನಿಯವರು ಹಲಸೂರಿನಲ್ಲಿ ಜನರನ್ನು ಎಣಿಸುತ್ತಾರಂತೆ, ಬಸ್ಸು ಇರಬೇಕೋ ಬೇಡವೋ ಎಂಬುದು ಆ ಲೆಕ್ಕದ ಮೇಲೆ ನಿಂತಿದೆಯಂತೆ. ಹಾಗಾದರೆ ಸೋಮವಾರ ಬಸ್ಸಿನಲ್ಲಿ ಒಂದು ನರಪಿಳ್ಳೆಯೂ ಇರಬಾರದು. ಅವತ್ತೊಂದು ದಿನ ಜಟಕಾ ಸವಾರಿ ಪುಕ್ಕಟೆ. ಪುಕ್ಕಟೆ ಸವಾರಿ ಕೊಟ್ಟವನನ್ನು ಒಳಗೆ ಹಾಕಲು ಯಾವ ಪೊಲೀಸಿನವನ ಬಳಿಯೂ ಕಾನೂನಿಲ್ಲ. ತನ್ನ ಬುದ್ಧಿಗೆ ತಾನೇ ತಲೆದೂಗಿದ.

ಜಟಕಾ ಸ್ಟ್ಯಾಂಡಿನ ಗಾಡಿಯವರನ್ನೆಲ್ಲ ಒಪ್ಪಿಸಿದ. ಕುದುರೆಗಳಿಗೆ ಹುರುಳಿ, ಗಾಡಿಯವರಿಗೆ ಬಿರಿಯಾನಿ, ಎಲ್ಲ ಅವನದೇ. ಹೆಂಡತಿ ತಾಹೇರಾಳ ಬೆಳ್ಳಿ ಗೆಜ್ಜೆ ಗಿರವಿ ಅಂಗಡಿಗೆ ಹೋದವು.

“ಬಸ್ಸು ಹೋಗ್ಲಿಲ್ಲಾಂದ್ರೆ?” ಎಂದಳು ಅವಳು.

“ಹೋಗುತ್ತೆ. ಖಾಲಿ ಗಾಡಿ ಯಾರು ಓಡಿಸ್ತಾರೆ?”

“ಯುಗಾದಿಯಿಂದ ನೀವೇ ಓಡಿಸ್ತಿದೀರಲ್ಲ.”

ಸೋಮವಾರ ಹಲಸೂರೇ ಬೀದಿಗಿಳಿಯಿತು. ದಿನಾ ನಡೆದು ಹೋಗುತ್ತಿದ್ದವರು ಜಟಕಾ ಹತ್ತಿದರು. ಎಲ್ಲಿಗೂ ಹೋಗಬೇಕಿಲ್ಲದ ಮುದುಕಿಯರು ಸೊಸೆಯರನ್ನು ಕಟ್ಟಿಕೊಂಡು ಹೋಗಿ ಬಂದರು, ಇಳಿದು ಮತ್ತೆ ಹತ್ತಿದರು. ದೊಡ್ಡಮುನಿಯಮ್ಮ ಎಂಬಾಕೆ ತನ್ನ ಮೇಕೆಯನ್ನೂ ಹತ್ತಿಸಿದಳು. ಬಸ್ಸು ಖಾಲಿ ಬಂದು ಖಾಲಿ ಹೋಯಿತು. ಕಂಡಕ್ಟರ್ ಹಿಂದಿನ ಸೀಟಿನಲ್ಲಿ ಕಾಲು ಚಾಚಿ ನಿದ್ದೆ ಹೊಡೆಯುತ್ತಿದ್ದ.

ಸ್ಟ್ಯಾಂಡಿನ ಎದುರು ಮರದ ಕೆಳಗೆ ಸ್ಟೂಲು ಹಾಕಿಕೊಂಡು ಕಂಪನಿಯ ಗುಮಾಸ್ತ ಶ್ರೀರಾಮಪ್ಪ ಎಣಿಸುತ್ತಿದ್ದ. ತನ್ನ ಗಾಡಿಯ ಧೂಳಿನಿಂದ ಅವನಿಗೆ ಬಸ್ಸು ಮರೆಯಾಗದಿರಲೆಂದು ಜಿಯಾವುಲ್ಲಾ ಅಲ್ಲಿ ಪ್ರತಿಸಲವೂ ಲಗಾಮು ಎಳೆದು ನಿಧಾನ ಮಾಡಿದ. ಬಿಸಿಲಿಗೆ ಶರಬತ್ತೂ ಕೊಡಿಸಿದ.

ಸಂಜೆ ಸಾವಿನ ಮನೆಗೆ ಹೋಗುವವನ ಮುಖ ಮಾಡಿಕೊಂಡು ಗುಮಾಸ್ತನ ಹತ್ತಿರ ಹೋದ. “ಪಾಪ, ಬಸ್ಸು ಖಾಲೀನೇ ಹೋಯ್ತಲ್ಲ ಸ್ವಾಮಿ.”

ಶ್ರೀರಾಮಪ್ಪ ಸ್ಟೂಲು ಎತ್ತಿಕೊಂಡ. “ಬಸ್ಸು ಹತ್ತೋರ ಲೆಕ್ಕ ವರ್ಷಪೂರ್ತಿ ಟಿಕೆಟ್ಟಲ್ಲೇ ಸಿಗುತ್ತೆ ಸಾಬ್ರೇ, ಅದಕ್ಕೆ ನಾನ್ಯಾಕೆ ಬಿಸಿಲಲ್ಲಿ ಕೂರ್ಬೇಕು? ನಾನು ಎಣಿಸಿದ್ದು ಜಟಕಾ ಹತ್ತಿದೋರನ್ನ. ಬಸ್ಸಿಗೆ ಕಾಯೋಕಾಗ್ದೆ ಇಷ್ಟು ಜನ ಒದ್ದಾಡ್ತಿದಾರೆ ಅಂತ ನಮಗೆ ಗೊತ್ತೇ ಇರ್ಲಿಲ್ಲ.” ಯಾರನ್ನು ಎಣಿಸುತ್ತಾರೆ ಎಂದು ಜಿಯಾವುಲ್ಲಾ ಯಾರನ್ನೂ ಕೇಳಿರಲಿಲ್ಲ, ಗಾಡಿಯವನ ಕಣ್ಣಿಗೆ ಬೇರೆಯವನ ಗಾಡಿಯ ಖಾಲಿ ಸೀಟೊಂದೇ ಕಾಣುವುದು. ಗುಮಾಸ್ತ ಬೆನ್ನು ನೀವಿಕೊಳ್ಳುತ್ತ ಸುತ್ತ ನೋಡಿದ. “ಒಂದು ಬಸ್ಸು ಎಲ್ಲಿ ಸಾಕಾಗುತ್ತೆ, ಇನ್ನೂ ನಾಲ್ಕು ಬಿಡೋಕೆ ಹೇಳ್ತೀನಿ. ನಿಲ್ಲೋ ಜಾಗಾನೂ ಇದೇ ಆಗ್ಲಿ, ಜನ ಇಲ್ಲೇ ಸೇರ್ತಾರಲ್ಲ. ನಿಮ್ಮ ಸ್ಟ್ಯಾಂಡ್ ಒಂದು ಎತ್ತಿಸಿದ್ರೆ ಆಯ್ತು.”