ಕಂಬಕ್ಕೆ ಕಟ್ಟಿದ ಕಾರು

ಕಿರ್ರ್ ಎಂದು ಒಂದು ಸಣ್ಣ ಸದ್ದು. ಆಮೇಲೆ ಮೌನ. ಮತ್ತೆ ಕಿರ್ರ್.

ರಾತ್ರಿ ಒಂದೂವರೆ ಗಂಟೆ. ಅವಳು ಹಾಸಿಗೆಯಲ್ಲೇ ಕಿವಿಗೊಟ್ಟಳು. ಮನೆ ಮುಂದಿನ ಇಳಿಜಾರು ರಸ್ತೆಯ ಸದ್ದುಗಳೆಲ್ಲ ಅವಳಿಗೆ ಬಾಯಿಪಾಠ. ಹ್ಯಾಂಡ್‌ಬ್ರೇಕ್ ಎಳೆಯುವ ಸದ್ದು, ಟೈರು ಫುಟ್‌ಪಾತಿನ ಅಂಚಿಗೆ ಒರಗುವ ಸದ್ದು, ಯಾರೋ ಗೇರ್ ಬೀಳದೆ ಪರದಾಡುವ ಸದ್ದು. ಇದು ಅವುಗಳಲ್ಲಿ ಯಾವುದೂ ಅಲ್ಲ. ಏನೋ ಭಾರವಾದದ್ದು ಹೊರಡಲೋ ಬೇಡವೋ ಎಂದು ಯೋಚಿಸುತ್ತಿರುವ ಹಾಗಿತ್ತು.

ಬಾಗಿಲ ಹಿಂದಿದ್ದ ಮರದ ಬೆಣೆ ಎತ್ತಿಕೊಂಡು, ಟಾರ್ಚ್ ಹಿಡಿದು, ಅಪ್ಪನಿಗೆ ಎಚ್ಚರವಾಗದಂತೆ ಹೊರಗೆ ಬಂದಳು. ಹೊರಗಿನಿಂದ ಬಂದವರ ಕಾರು ಜಾರದಿರಲೆಂದು ಚಕ್ರಕ್ಕೆ ಬೆಣೆ ಕೊಡುವುದು ಅವಳ ಹಳೆಯ ಚಾಳಿ. ಆದರೆ ಆ ರಾತ್ರಿ ಕಂಡದ್ದನ್ನು ಅವಳು ಹಿಂದೆಂದೂ ಕಂಡಿರಲಿಲ್ಲ.

ಒಂದು ನೀಲಿ ಕಾರನ್ನು ಯಾರೋ ದೀಪದ ಕಂಬಕ್ಕೆ ಕಟ್ಟಿಹಾಕಿದ್ದರು.

ಕಾರಿನ ಮೂತಿ ಇಳಿಜಾರಿಗೆ. ಹಿಂಬದಿಯ ಕೊಕ್ಕೆಯಿಂದ ಕಂಬದವರೆಗೆ ಹೆಬ್ಬೆರಳು ದಪ್ಪದ ಹಗ್ಗ, ತಂತಿಯ ಹಾಗೆ ಬಿಗಿಯಾಗಿ. ಒಳಗೆ ಸ್ಟಿಯರಿಂಗ್ ಹಿಂದೆ ಒಬ್ಬ ಗಂಡಸು ಪಿಳಿಪಿಳಿ ಕಣ್ಣು ಬಿಟ್ಟುಕೊಂಡು ಕೂತಿದ್ದ. ಅವಳು ಗಾಜು ತಟ್ಟಿದಳು.

"ದನ ಕಟ್ಟೋ ಹಾಗೆ ಕಾರು ಕಟ್ಟಿದ್ದೀರಲ್ಲ."

"ದೋಣಿ ಕಟ್ಟೋ ಹಾಗೆ," ಅವನು ಗಾಜು ಇಳಿಸಿ ತಿದ್ದಿದ. "ದನದ ಗಂಟು ಬೇರೆ."

ಅವನು ಲಾಂಚ್ ನಡೆಸುವವನು. ಸಪಾಟಾದ ಊರಿನ ಅಗಲವಾದ ಹೊಳೆಯಲ್ಲಿ ದಿನಕ್ಕೆ ಹನ್ನೆರಡು ಸಲ ಈ ದಡದವರನ್ನು ಆ ದಡಕ್ಕೆ ಮುಟ್ಟಿಸುತ್ತಾನೆ. ಎದುರು ಮನೆಯ ಮಹಡಿಯಲ್ಲಿರುವ ಅವನ ಅಕ್ಕ ಕಾಲು ಮುರಿದುಕೊಂಡಿದ್ದಾಳೆ, ಭಾವ ಕೆಲಸದ ಮೇಲೆ ಪರವೂರಿಗೆ ಹೋಗಿದ್ದಾನೆ. ದಿನಾ ಬೆಳಗ್ಗೆ ಅವಳನ್ನು ಗುಡ್ಡದ ನೆತ್ತಿಯ ಆಸ್ಪತ್ರೆಗೆ ಕರೆದೊಯ್ಯಲು ಇವನು ಒಂದು ವಾರಕ್ಕೆಂದು ಬಂದಿದ್ದ. ಹೀಗೆ ನೆಟ್ಟಗೆ ಕೆಳಗಿಳಿಯುವ ರಸ್ತೆಯನ್ನು ಹುಟ್ಟಿದಾಗಿನಿಂದ ನೋಡಿರಲಿಲ್ಲವಂತೆ.

"ಕಟ್ಟಿದ ಮೇಲೂ ಕಾವಲು ಕೂತಿದ್ದೀರಾ? ಹಗ್ಗದ ಮೇಲೆ ನಂಬಿಕೆ ಇಲ್ವಾ?"

"ಹಗ್ಗದ ಮೇಲಿದೆ. ಕಂಬ ನಾನು ನೆಟ್ಟಿದ್ದಲ್ಲ."

ಅವಳಿಗೆ ನಗು ಬಂತು. ಆ ಹೊತ್ತಿನಲ್ಲಿ ಅಪರಿಚಿತ ಗಂಡಸಿನ ಎದುರು ನಿಂತು ನಗುವುದು ಅವಳ ಜಾಯಮಾನವಲ್ಲ. ನಗು ನುಂಗಿ, ಬೆಣೆಯನ್ನು ಮುಂದಿನ ಚಕ್ರಕ್ಕೆ ಕೊಟ್ಟು, ಕೆಲಸಕ್ಕಿಳಿದಳು. ಚಕ್ರವನ್ನು ಫುಟ್‌ಪಾತಿನ ಕಡೆಗೆ ಪೂರ್ತಿ ತಿರುಗಿಸಲು ಹೇಳಿದಳು. ಹಗ್ಗ ಸಡಿಲಿಸಿ, ಬೆಣೆ ತೆಗೆದು, ಟೈರು ಅಂಚಿಗೆ ಮೆಲ್ಲಗೆ ಒರಗುವ ತನಕ ಬಿಡಲು ಹೇಳಿದಳು. ಆಮೇಲೆ ರಿವರ್ಸ್ ಗೇರ್, ಆಮೇಲೆ ಹ್ಯಾಂಡ್‌ಬ್ರೇಕ್. ಕಾರು ಟಪ್ ಎಂದು ಅಂಚಿಗೆ ಭುಜ ಕೊಟ್ಟು ನಿಂತಿತು.

"ಇಷ್ಟೇನಾ?"

"ಇಷ್ಟೇ. ಹದಿನಾಲ್ಕನೇ ಸೂಚನೆ."

ಹಾಗೆಂದ ಮೇಲೆ ಉಳಿದದ್ದನ್ನೂ ಹೇಳಬೇಕಾಯಿತು. ಅವಳು ಪ್ರವಾಸಿ ಮಾಹಿತಿ ಕಚೇರಿಯವಳು. ಈ ಗುಡ್ಡದ ಊರಿಗೆ ಬರುವವರು ವಾಹನ ಹೇಗೆ ನಡೆಸಬೇಕು, ಎಲ್ಲಿ ಹೇಗೆ ನಿಲ್ಲಿಸಬೇಕು ಎಂಬ ಇಪ್ಪತ್ತೊಂದು ಸೂಚನೆಗಳ ಪುಸ್ತಿಕೆ ಅವಳೇ ಬರೆದದ್ದು. ಮಾತು ಮಾತಿಗೆ ಜೋಪಾನ ಅನ್ನುತ್ತಾಳೆಂದು ಕಚೇರಿಯಲ್ಲಿ ಅವಳಿಗೆ ಜೋಪಾನಮ್ಮ ಎಂದೇ ಹೆಸರು.

"ಹಾಗಾದ್ರೆ ಒಂದು ಪುಸ್ತಿಕೆ ಕೊಡಿ," ಅಂದ ಲಾಂಚಿನವನು. "ಜೋಪಾನವಾಗಿ ಓದ್ತೀನಿ."

ಕತ್ತಲಲ್ಲೂ ಅವನ ಕಣ್ಣು ನಗುವುದು ಅವಳಿಗೆ ಕಂಡಿತು. ನೋಡಲೇಬೇಕೆಂದಿರಲಿಲ್ಲ. ಆದರೆ ಅವಳ ಕಣ್ಣಿಗೆ ಯಾವುದೂ ತಪ್ಪುತ್ತಿರಲಿಲ್ಲ.

ಅವನು ನಿಜವಾಗಿಯೂ ಓದಿದ. ಎರಡೇ ದಿನದಲ್ಲಿ ಗಟ್ಟಿ ಮಾಡಿಕೊಂಡ. ಆಸ್ಪತ್ರೆ ಅವಳ ಕಚೇರಿಯ ದಾರಿಯಲ್ಲೇ ಇದ್ದುದರಿಂದ ಸೋಮವಾರದಿಂದ ಅವಳು ಮುಂದಿನ ಸೀಟಿನಲ್ಲಿ ದಾರಿ ಹೇಳುತ್ತ ಕೂತಳು. ಪ್ಲಾಸ್ಟರ್ ಹಾಕಿದ ಕಾಲನ್ನು ಉದ್ದಕ್ಕೆ ಚಾಚಿಕೊಂಡು ಅಕ್ಕ ಹಿಂದೆ ಕೂತಳು. ತಿರುವು ಬಂದಾಗಲೆಲ್ಲ ಅವನು ಪರೀಕ್ಷೆ ಒಪ್ಪಿಸುವವನಂತೆ ನಂಬರ್ ಹೇಳುತ್ತಿದ್ದ. ಏಳನೆಯದು, ಏರುತ್ತಿರುವವರಿಗೆ ದಾರಿ ಬಿಡಿ. ಹನ್ನೊಂದನೆಯದು, ಇಳಿಯುವಾಗ ಬ್ರೇಕ್ ಒಂದನ್ನೇ ನಂಬಬೇಡಿ, ಗೇರ್ ಇಳಿಸಿ.

"ಹತ್ತೊಂಬತ್ತನೆಯದು ನನಗೆ ಅರ್ಥ ಆಗಿಲ್ಲ," ಎಂದ ಮಂಗಳವಾರ. "'ಕನ್ನಡಿ ನೋಡಿ, ಆದರೆ ಕನ್ನಡಿಯಲ್ಲೇ ಇರಬೇಡಿ' ಅಂತ ಬರೆದಿದ್ದೀರಿ."

"ಹಿಂದೇನೇ ನೋಡ್ತಾ ಇದ್ರೆ ಮುಂದಿರೋದು ತಪ್ಪತ್ತೆ ಅಂತ."

"ನಾನು ಹಿಂದೆ ನೋಡ್ತಿಲ್ವಲ್ಲ. ಪಕ್ಕ ನೋಡ್ತಿದ್ದೀನಿ."

"ಅದಕ್ಕೂ ಒಂದು ಸೂಚನೆ ಬೇಕಾಗಬಹುದು," ಅಂದಳು ಅವಳು ರಸ್ತೆಯಿಂದ ಕಣ್ಣು ಕೀಳದೆ. ಅವಳ ಕಿವಿ ಮಾತ್ರ ಬಿಸಿಯಾಗಿತ್ತು.

ಹಿಂದಿನ ಸೀಟಿನಿಂದ ಅಕ್ಕ ನಿಟ್ಟುಸಿರಿಟ್ಟಳು. ತನ್ನ ಕಾಲು ಮುರಿದದ್ದು ಯಾರ್ಯಾರಿಗೋ ಅನುಕೂಲವಾಯಿತು ಎಂದು ಕಿಟಕಿಯ ಕಡೆ ತಿರುಗಿ ಹೇಳಿದಳು.

ಬುಧವಾರ ಅಕ್ಕನನ್ನು ಆಸ್ಪತ್ರೆಯಲ್ಲಿ ಇಳಿಸಿದ ಮೇಲೆ, ಕಚೇರಿಯ ಬಾಗಿಲಲ್ಲಿ ಅವನು ಕಾರು ನಿಲ್ಲಿಸಿದ. ಚಕ್ರ ಅಂಚಿನ ಕಡೆ, ಗೇರು ರಿವರ್ಸಿನಲ್ಲಿ, ಎಲ್ಲ ಸರಿ. ಅವಳು ಬಾಗಿಲಿಗೆ ಕೈ ಹಾಕಿದಾಗ ಕೇಳಿದ:

"ನೀವು ಯಾಕೆ ಓಡಿಸೋದಿಲ್ಲ?"

"ಓಡಿಸೋದಿಲ್ಲ ಅಂತ ಯಾರು ಹೇಳಿದ್ರು?"

"ನಿಮ್ಮ ಬಲಗಾಲು. ಮೂರು ದಿನದಿಂದ ನಾನು ಬ್ರೇಕ್ ಒತ್ತೋಕೆ ಮುಂಚೆ ಅದು ಒತ್ತತ್ತೆ. ಮ್ಯಾಟ್ ಸವೆದು ಹೋಯ್ತು."

ಇಷ್ಟು ದಿನ ಎಲ್ಲರನ್ನೂ ಗಮನಿಸುತ್ತ ಬಂದವಳನ್ನು ಒಬ್ಬರು ಗಮನಿಸಿದ್ದು ಅದೇ ಮೊದಲು. ಅವಳು ಬಾಗಿಲಿನಿಂದ ಕೈ ತೆಗೆದಳು. ಮಾತುಗಳನ್ನು ಒಂದೊಂದಾಗಿ ಆರಿಸಿ ಹೇಳಿದಳು.

ನಾಲ್ಕು ವರ್ಷದ ಹಿಂದೆ, ಲೈಸೆನ್ಸ್ ಬಂದ ಹೊಸದರಲ್ಲಿ, ಊರಿನವರು ಏಣಿ ಎಂದು ಕರೆಯುವ ಕಡಿದಾದ ಗಲ್ಲಿಯಲ್ಲಿ ಅವಳ ಕಾರು ಅರ್ಧಕ್ಕೆ ಬಂದ್ ಬಿದ್ದಿತ್ತು. ಹಿಂದಕ್ಕೆ ಜಾರಿತ್ತು. ಅವಳ ಕೈಕಾಲು ಮರಗಟ್ಟಿ ಹೋಗಿದ್ದವು. ಪಕ್ಕದಲ್ಲಿದ್ದ ಅಪ್ಪ ಹ್ಯಾಂಡ್‌ಬ್ರೇಕ್ ಎಳೆದಿದ್ದರು. ಯಾರೋ ಬಾಗಿಲಲ್ಲಿಟ್ಟಿದ್ದ ಒಂದು ಹೂಕುಂಡ ಒಡೆದದ್ದು ಬಿಟ್ಟರೆ ಏನೂ ಆಗಲಿಲ್ಲ. ಅಪ್ಪ ಬೈಯಲೂ ಇಲ್ಲ. ಅವಳು ಮಾತ್ರ ಆಮೇಲೆ ಸ್ಟಿಯರಿಂಗ್ ಮುಟ್ಟಲಿಲ್ಲ. ಓಡಿಸುವುದನ್ನು ಬಿಟ್ಟು ಬರೆಯತೊಡಗಿದಳು.

ಈಗ ಕಚೇರಿ ಒಂದು ಸಹಾಯದ ಕಾರು ಕೊಂಡಿದೆ. ಏರಿನಲ್ಲಿ ಸಿಕ್ಕಿಬಿದ್ದ ಪ್ರವಾಸಿಗರ ಬಳಿ ಹೋಗಿ ಅವರ ಗಾಡಿ ದಾಟಿಸಿಕೊಡುವ ಕೆಲಸ. ಅದರ ಮುಖ್ಯಸ್ಥೆಯಾಗಿ ಕಚೇರಿಯ ಮೇಲಧಿಕಾರಿ ಮೇಡಂ ಇವಳನ್ನೇ ಆರಿಸಿದ್ದಾರೆ. ಶುಕ್ರವಾರ ಪರೀಕ್ಷೆ, ಅದೇ ಏಣಿಯಲ್ಲಿ. ಅವಳಿಗೆ ಆ ಕೆಲಸದ ಮೇಲೆ ಎಷ್ಟು ಆಸೆಯೆಂದರೆ, ಸೋಮವಾರವೇ ಬರೆದಿಟ್ಟ ಒಲ್ಲೆನೆಂಬ ಪತ್ರವನ್ನು ಇನ್ನೂ ಕೊಡಲಾಗದೆ ಬ್ಯಾಗಿನಲ್ಲೇ ಹೊತ್ತು ತಿರುಗುತ್ತಿದ್ದಳು.

ಅವನು ಸಮಾಧಾನ ಹೇಳಲಿಲ್ಲ, ಧೈರ್ಯವನ್ನೂ ಹೇಳಲಿಲ್ಲ. ಗಲ್ಲಿಯ ತಲೆಯಲ್ಲಿ ಗಟ್ಟಿ ಕಂಬ ಏನಾದರೂ ಇದೆಯೇ ಎಂದು ಕೇಳಿದ.

"ಲಾರಿ ನುಗ್ಗದ ಹಾಗೆ ಒಂದು ಕಬ್ಬಿಣದ ಗೂಟ ನೆಟ್ಟಿದ್ದಾರೆ. ಯಾಕೆ?"

"ಆ ಪತ್ರ ಇವತ್ತು ಕೊಡಬೇಡಿ. ನಾಳೆ ಬೆಳಗ್ಗೆ ಐದೂವರೆಗೆ ಬನ್ನಿ. ಹಗ್ಗ ತರ್ತೀನಿ."

ಗುರುವಾರ ಬೆಳಕು ಹರಿಯುವ ಹೊತ್ತು ಗಲ್ಲಿಯಲ್ಲಿ ನರಪಿಳ್ಳೆಯೂ ಇರಲಿಲ್ಲ. ಮೂವತ್ತು ಮಾರು ಉದ್ದದ ಹಗ್ಗದ ಒಂದು ತುದಿಯನ್ನು ಅವನು ಕಾರಿನ ಮುಂಭಾಗಕ್ಕೆ ಕಟ್ಟಿದ. ಇನ್ನೊಂದು ತುದಿ ಹಿಡಿದು ಏರಿ ಹೋಗಿ ಕಬ್ಬಿಣದ ಗೂಟಕ್ಕೆ ಎರಡು ಸುತ್ತು ಸುತ್ತಿದ. ಇಂಥ ಎರಡೇ ಸುತ್ತಿನಲ್ಲಿ ಜನ ತುಂಬಿದ ಲಾಂಚನ್ನು ಒಂದೇ ಕೈಯಲ್ಲಿ ತಡೆಯುತ್ತೇನೆ ಎಂದು ಮೊದಲೇ ವಿವರಿಸಿದ್ದ. ಸ್ಟಿಯರಿಂಗ್ ಹಿಂದೆ ಕೂತ ಅವಳು ಕಾರನ್ನು ಮೇಲೇರಿಸಿದಂತೆ ಅವನು ಹಗ್ಗ ಎಳೆದುಕೊಳ್ಳುತ್ತ ಬರುತ್ತಾನೆ. ಜಾರಿದರೆ ಗೂಟ ಹಿಡಿಯುತ್ತದೆ.

ಮೊದಲ ಸಲ ಕಾರು ಬಂದ್ ಬಿತ್ತು, ಜಾರಿತು, ಹಗ್ಗ ಕಿರ್ರ್ ಎಂದು ಹಿಡಿಯಿತು. ಎರಡನೇ ಸಲವೂ ಅಷ್ಟೇ. ಆ ಸದ್ದು ಕೇಳಿದಾಗ ಅವಳಿಗೆ ಎದೆ ಹಗುರಾಯಿತು. ಮೂರನೇ ಸಲ ಅವಳು ಕಾಲಿನ ಅಡಿಯಲ್ಲಿ ಕ್ಲಚ್ ಕಚ್ಚುವ ಆ ಸಣ್ಣ ನಡುಕವನ್ನು ಹುಡುಕಿದಳು. ಸಿಕ್ಕಿತು. ಕಾರು ಮೂತಿ ಎತ್ತಿ, ಗುರುಗುಟ್ಟಿ, ಅವನ ಕಾಲ ಬುಡದವರೆಗೂ ಬಂದು ನಿಂತಿತು.

ಅವಳು ಕೆಳಗಿಳಿದಳು. ಮುಖ ಕೆಂಪಾಗಿತ್ತು.

"ಹಗ್ಗ ಬಿಚ್ಚಿ. ಸುತ್ತು ಹಾಕಿ ಬಂದು ಇನ್ನೊಂದು ಸಲ ಹತ್ತಿಸ್ತೀನಿ."

"ಕಟ್ಟಿಕೊಂಡೇ ಮಾಡೋಣ."

"ನಾಳೆ ಮೇಡಂ ಮುಂದೆ ಹಗ್ಗ ಇರಲ್ಲ."

"ಇವತ್ತು ಇದೆಯಲ್ಲ." ಅವನು ಗಂಟಿನ ಮೇಲಿಟ್ಟ ಕೈ ತೆಗೆಯಲಿಲ್ಲ. "ನನಗೆ ಭಯ ಆಗ್ತಿದೆ."

ಅವನು ಭಯ ಎಂದದ್ದನ್ನು ಕೇಳಿ ಅವಳಿಗೆ ವಿಚಿತ್ರವಾದ ಧೈರ್ಯ ಬಂತು. ಇಷ್ಟು ದಿನ ಈ ಊರಿನ ಭಯವೆಲ್ಲ ತನ್ನೊಬ್ಬಳ ಪಾಲಿನದೆಂದುಕೊಂಡಿದ್ದಳು.

"ಹಾಗಾದ್ರೆ ಪಕ್ಕದಲ್ಲಿ ಕೂತ್ಕೊಳ್ಳಿ," ಅಂದಳು. "ಆದರೆ ಏನೇ ಆದ್ರೂ ಹ್ಯಾಂಡ್‌ಬ್ರೇಕ್ ಮುಟ್ಟಬಾರದು. ಮಾತು ಕೊಡಿ."

ಅವನು ಮಾತು ಕೊಟ್ಟ. ಗಂಟು ಬಿಚ್ಚಿದ.

ಅದೇ ಬಾಗಿಲು, ಈಗ ಅಲ್ಲಿ ಹೊಸ ಹೂಕುಂಡ. ಸರಿಯಾಗಿ ಅದರ ಮುಂದೆಯೇ ಎಂಜಿನ್ ಸತ್ತಿತು. ಕಾರು ಹಿಂದಕ್ಕೆ ಒಂದು ಗೇಣು ಜಾರಿತು. ಎರಡು ಗೇಣು. ಕಣ್ಣಂಚಿನಲ್ಲಿ ಅವನ ಕೈ ಕಂಡಿತು. ಅದು ಹ್ಯಾಂಡ್‌ಬ್ರೇಕಿಗೆ ಬರಲಿಲ್ಲ. ಅವನದೇ ಮೊಣಕಾಲನ್ನು ಬೆರಳು ಬೆಳ್ಳಗಾಗುವಷ್ಟು ಹಿಡಿದುಕೊಂಡಿತ್ತು.

ಅವಳ ಕಾಲು ಬ್ರೇಕ್ ಒತ್ತಿತು. ಕೈ ಹ್ಯಾಂಡ್‌ಬ್ರೇಕ್ ಎಳೆಯಿತು. ಕಾರು ನಿಂತಿತು. ಅವಳು ಒಂದು ಉಸಿರು ಪೂರ್ತಿ ಎಳೆದು ಬಿಟ್ಟಳು. ಸ್ಟಾರ್ಟ್, ಒಂದನೇ ಗೇರ್, ಕ್ಲಚ್ಚಿನ ಆ ಸಣ್ಣ ನಡುಕ. ಹ್ಯಾಂಡ್‌ಬ್ರೇಕ್ ಇಳಿಸಿದಳು. ಹೂಕುಂಡ ಹಿಂದೆ ಸರಿಯಿತು, ಕಬ್ಬಿಣದ ಗೂಟ ಹಿಂದೆ ಸರಿಯಿತು, ಮುಂದೆ ಬರೀ ಆಕಾಶ ಉಳಿಯಿತು.

ನೆತ್ತಿಯಲ್ಲಿ ಕಾರು ನಿಲ್ಲಿಸಿ, ಅಭ್ಯಾಸ ಬಲದಿಂದ ಚಕ್ರ ತಿರುಗಿಸಿದಳು. ಆಮೇಲೆ ಕೆಳಗೆ ನೋಡಿದಳು.

"ನಿಮ್ಮ ಬಲಗಾಲು ಇನ್ನೂ ಬ್ರೇಕ್ ಒತ್ತಿಕೊಂಡೇ ಇದೆ."

ಅವನೂ ನೋಡಿಕೊಂಡ. ಮ್ಯಾಟಿನ ಮೇಲೆ ಊರಿದ ಕಾಲನ್ನು ಮೆಲ್ಲಗೆ ಸಡಿಲಿಸಿದ. ನಗಲಿಲ್ಲ.

"ಆ ರಾತ್ರಿ ನೀವು ಹದಿನಾಲ್ಕನೇ ಸೂಚನೆ ಹೇಳಿಕೊಟ್ರಲ್ಲ. ಅವತ್ತಿನಿಂದ ಕಾರು ನಿಂತಿದೆ. ನಾನು ಮಾತ್ರ ಜಾರ್ತಾನೇ ಇದ್ದೀನಿ."

ಅವಳು ಅವನ ಅಂಗೈಯನ್ನು ತೆಗೆದುಕೊಂಡು ನೋಡಿದಳು. ಹಗ್ಗ ತಿಕ್ಕಿದ ಎರಡು ಕೆಂಪು ಗೆರೆಗಳಿದ್ದವು. ಅದರ ಮೇಲೆ ತನ್ನ ಕೈ ಇಟ್ಟಳು.

"ಜಾರಿದರೆ ಚಕ್ರ ಯಾವ ಕಡೆ ತಿರುಗಿಸಬೇಕು, ಗೊತ್ತಲ್ಲ?"

"ಯಾವ ಕಡೆ?"

"ನನ್ನ ಕಡೆ."

ಆಮೇಲೆ ನಡೆದದ್ದಕ್ಕೆ ಇಪ್ಪತ್ತೊಂದರಲ್ಲಿ ಯಾವ ಸೂಚನೆಯೂ ಇರಲಿಲ್ಲ. ಅವರಿಬ್ಬರಿಗೂ ಅದರ ಅಗತ್ಯ ಬೀಳಲಿಲ್ಲ.

ಶುಕ್ರವಾರ ಮೇಡಂ ಪಕ್ಕದಲ್ಲಿ ಕೂತು ಹತ್ತಿ ಇಳಿದರು. ಎರಡು ಸಲ ಬೇಕೆಂದೇ ಅರ್ಧ ಏರಿನಲ್ಲಿ ನಿಲ್ಲಿಸಲು ಹೇಳಿದರು. ಕೊನೆಗೆ, ಇಷ್ಟು ಚೆನ್ನಾಗಿ ಓಡಿಸುವವಳು ಇಷ್ಟು ದಿನ ಎಲ್ಲಿ ಅಡಗಿದ್ದೆ ಎಂದು ಕೇಳಿ, ಕಾರಿನ ಕೀಲಿ ಅವಳ ಕೈಯಲ್ಲೇ ಬಿಟ್ಟು ಹೋದರು. ಒಲ್ಲೆನೆಂಬ ಪತ್ರವನ್ನು ಅವಳು ನಾಲ್ಕಾಗಿ ಹರಿದು, ಮತ್ತೆ ಎಂಟಾಗಿ ಹರಿದು, ಎರಡು ಬೇರೆ ಬೇರೆ ಕಸದ ಬುಟ್ಟಿಗೆ ಹಾಕಿದಳು.

ಶನಿವಾರ ಭಾವ ಊರಿಗೆ ಬಂದ, ಲಾಂಚಿನವನು ಹೊರಟ. ಹೊರಡುವಾಗ ಸುರುಳಿ ಸುತ್ತಿದ ಹಗ್ಗವನ್ನು ತಂದು ಅವಳ ಕೈಗಿಟ್ಟ. ಹಗ್ಗವಿಲ್ಲದೆ ಲಾಂಚಿಗೇನು ಮಾಡುತ್ತೀರಿ ಎಂದು ಅವಳು ಗಾಬರಿಯಾದಳು.

"ಇನ್ನೊಂದಿದೆ. ಇದು ಇಲ್ಲೇ ಇರಲಿ. ಸೋಮವಾರ ಲಾಂಚಿಗೆ ರಜೆ, ಸಾಯಂಕಾಲ ಬರ್ತೀನಿ. ನಿಮ್ಮ ಅಪ್ಪನ ಹತ್ತಿರ ಮಾತಾಡಬೇಕು."

"ಕಾರು ಕಂಬಕ್ಕೆ ಕಟ್ಟೋನಿಗೆ ಮಗಳನ್ನ ಕೊಡ್ತಾರಾ ಅಂತ ಯೋಚನೆ ಮಾಡಿದ್ದೀರಾ?"

"ಕಟ್ಟಿದ್ದು ಬಿಚ್ಚಲ್ಲ ಅಂತ ಹೇಳ್ತೀನಿ," ಅಂದ. ಒಂದು ಹೆಜ್ಜೆ ಹೋಗಿ ತಿರುಗಿ ನಿಂತು, ಮೊದಲ ಸಲ ಏಕವಚನದಲ್ಲಿ, "ಜೋಪಾನ ನೀನು," ಎಂದ.

ಆ ಮಾತನ್ನು ಸಾವಿರ ಸಲ ಅವಳು ಬೇರೆಯವರಿಗೆ ಹೇಳಿದ್ದಳು. ಅದು ಕೇಳಲು ಇಷ್ಟು ಚೆನ್ನಾಗಿರುತ್ತದೆಂದು ಗೊತ್ತಿರಲಿಲ್ಲ.

ಸೋಮವಾರ ಕಚೇರಿಯಲ್ಲಿ ಮೇಡಂ ದೂರಿನ ಪುಸ್ತಕ ತೆರೆದು ಅವಳ ಮುಂದಿಟ್ಟರು. ಏಣಿ ಗಲ್ಲಿಯ ನಿವಾಸಿಯೊಬ್ಬರು ಬರೆದಿದ್ದರು: ಗಲ್ಲಿಯ ತಲೆಯ ಗೂಟದಲ್ಲಿ ಎರಡು ಸುತ್ತು ಬಣ್ಣ ಕಿತ್ತುಹೋಗಿದೆ, ಯಾರೋ ಭಾರಿ ಪ್ರಾಣಿಯನ್ನು ಕಟ್ಟಿರಬೇಕು, ದಯವಿಟ್ಟು ವಿಚಾರಿಸಿ.

"ಈ ಊರಿನ ಒಂದೊಂದು ಕಂಬವೂ ನಿನಗೆ ಗೊತ್ತು, ಜೋಪಾನಮ್ಮ. ಏನಿರಬಹುದು?"

ಅವಳು ಪೆನ್ನು ತೆಗೆದುಕೊಂಡಳು. ಸ್ವಲ್ಪ ಯೋಚಿಸಿ, ದುಂಡಾದ ಅಕ್ಷರದಲ್ಲಿ ಬರೆದಳು: ಪರಿಶೀಲಿಸಲಾಗಿದೆ. ಅಪಾಯವೇನೂ ಇಲ್ಲ.

"ಬಣ್ಣ ಹೊಡೆಸೋಣ್ವಾ?"

"ಬೇಡ ಮೇಡಂ. ಹಾಗೇ ಇರಲಿ."

ಅವನು ಬರಲು ಇನ್ನೂ ಆರು ತಾಸು ಇತ್ತು. ಸಾಯಂಕಾಲ ಅಪ್ಪನಿಗೆ ಅವನ ವಿಷಯ ಹೇಗೂ ತಿಳಿಯುತ್ತದೆ, ಅಕ್ಕನಿಗೆ ಆಗಲೇ ಅರ್ಧ ತಿಳಿದಿದೆ. ಆದರೆ ಆ ಬೆಳಗು, ಆ ಗೂಟ, ಆ ಎರಡು ಸುತ್ತು ಬೇರೆ. ಹೊರಗಿನಿಂದ ಬಂದವರಿಗೆಲ್ಲ ಒಂದನ್ನೂ ಬಚ್ಚಿಡದೆ ಇಪ್ಪತ್ತೊಂದು ಸೂಚನೆ ಹಂಚಿದವಳು, ಇದೊಂದನ್ನು ಯಾರಿಗೂ ಹೇಳುವುದಿಲ್ಲವೆಂದು ತೀರ್ಮಾನಿಸಿ ಪುಸ್ತಕ ಮುಚ್ಚಿದಳು.