ಮೆಟ್ಟಿಲ ಕೆಳಗಿನ ಪುಟ್ಟ ಬಾಗಿಲು

"ನಿಲ್ಲಿಸ್ರೀ! ಯಾರನ್ನ ಕೇಳಿ ಕೊಯ್ತಾ ಇದ್ದೀರಿ?"

ಬಡಗಿಯ ಕೈಯಲ್ಲಿದ್ದ ಗರಗಸ ಅಲ್ಲೇ ನಿಂತಿತು. ಮೆಟ್ಟಿಲ ಕೆಳಗಿನ ಹಲಗೆಯಲ್ಲಿ ಆಗಲೇ ಗೇಣುದ್ದದ ಸೀಳು ಬಿದ್ದಿತ್ತು.

"ನಿಮ್ಮ ಅತ್ತೆ ಹೇಳಿದ್ರು… ಒಳಗೆ ಜಾಗ ಖಾಲಿ ಇದೆ, ಸಾಮಾನಿಡೋಕೆ ಒಂದು ಸಣ್ಣ ಬಾಗಿಲು ಮಾಡಿಕೊಡು ಅಂತ."

ಕನ್ನಡಕದಂಗಡಿಯ ಕೆಲಸ ಮುಗಿಸಿ ಆಗಷ್ಟೇ ಬಂದಿದ್ದ ಅವಳು ಹಲಗೆಗೆ ಅಡ್ಡ ನಿಂತಳು. ಯಾವ ಸಾಮಾನು ಎಂದು ಕೇಳಬೇಕಿರಲಿಲ್ಲ. ಮಕ್ಕಳಿಗೆ ಫುಟ್ಬಾಲ್ ಕಲಿಸುತ್ತಿದ್ದ ಗಂಡ ತೀರಿಕೊಂಡ ಮೇಲೂ ಅವನ ಚೆಂಡುಗಳು, ಬಲೆಗಳು, ಬೂಟಿನ ಡಬ್ಬಗಳು ಹಜಾರದ ತುಂಬ ಹಾಗೇ ಇದ್ದವು. ಅವಳು ಯಾರಿಗೂ ಮುಟ್ಟಗೊಟ್ಟಿರಲಿಲ್ಲ.

"ಅವರನ್ನ ಕತ್ತಲೆಗೆ ತಳ್ಳೋಕೆ ಬಂದ್ರಾ?" ಅವಳ ದನಿ ಒಡೆಯಿತು.

ಅವನು ಗರಗಸ ಕೆಳಗಿಟ್ಟ. "ನೀವು ಹೂಂ ಅನ್ನೋವರೆಗೂ ಮುಟ್ಟಲ್ಲ," ಎಂದು ಹೊರಟೇಹೋದ.

ಅವಳು ದುಮುಗುಡುತ್ತಾ ಅಡುಗೆಮನೆಗೆ ಹೋದರೆ, ಅತ್ತೆ ಬಲಗೈಯನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡರು.

"ಏನಾಯ್ತು? ತೋರಿಸಿ!"

ಮೊಣಕೈ ಊದಿಕೊಂಡಿತ್ತು. ಬೆಳಿಗ್ಗೆ ಬೂಟಿನ ಡಬ್ಬ ಎಡವಿ ಬಿದ್ದಿದ್ದರು.

"ನಿನಗೆ ನೋವಾಗುತ್ತೆ ಅಂತ ಹೇಳಲಿಲ್ಲ ಕಣೆ…"

'ಅಯ್ಯೋ! ಸತ್ತವರ ಸಾಮಾನು ಕಾಯ್ತಾ, ಇರೋರನ್ನೇ ಬೀಳಿಸಿದೆನಲ್ಲ!' ಅವಳು ಅತ್ತೆಯನ್ನು ತಬ್ಬಿಕೊಂಡು ಅತ್ತಳು.

ಮರುದಿನ ತಾನೇ ಬಡಗಿಯ ಕಾರ್ಖಾನೆಗೆ ಹೋದಳು. ಕ್ಷಮೆ ಕೇಳಲು ಬಾಯಿ ತೆರೆಯುವಷ್ಟರಲ್ಲಿ ಅವನೇ ಕೇಳಿದ, "ಒಳಗೊಂದು ಸಣ್ಣ ದೀಪ ಹಾಕ್ಲಾ? ನೀವು ಕತ್ತಲೆ ಅಂದ್ರಲ್ಲ… ರಾತ್ರಿಯೆಲ್ಲ ಅದೇ ತಲೇಲಿತ್ತು."

"ಹೂಂ," ಎಂದಳು ಅವಳು.

ಬಾಗಿಲಾಯಿತು. ಒಳಗೆ ಅಟ್ಟಣಿಗೆ, ಹಳದಿ ದೀಪ. ಡಬ್ಬಗಳನ್ನು ಇಬ್ಬರೂ ಸೇರಿ ಜೋಡಿಸಿದರು. ಪ್ರತಿ ಚೆಂಡಿನ ಕಥೆಯನ್ನೂ ಅವಳು ಹೇಳಿದಳು. ಅವನು ಗಡಿಯಾರ ನೋಡದೆ ಕೇಳಿದ.

ಆದರೆ ಆ ಬಾಗಿಲಿಗೇನೋ ಹಟ! ವಾರಕ್ಕೊಮ್ಮೆ ಬಿಗಿಯಾಗುತ್ತಿತ್ತು. ಅತ್ತೆ ಫೋನ್ ಮಾಡುತ್ತಿದ್ದರು, ಅವನು ಬರುತ್ತಿದ್ದ, ಕಾಫಿಯಾಗುತ್ತಿತ್ತು, ನಗುವಾಗುತ್ತಿತ್ತು. ಅವನು ಬರುವ ದಿನ ಕನ್ನಡಿಯ ಮುಂದೆ ಒಂದು ಗಳಿಗೆ ಹೆಚ್ಚು ನಿಲ್ಲುವುದನ್ನು ಅವಳು ತನಗೇ ಒಪ್ಪಿಕೊಂಡಿರಲಿಲ್ಲ.

ಒಂದು ರಜೆಯ ದಿನ ತರಕಾರಿಗೆಂದು ಹೊರಟವಳು ಕೊಡೆ ಮರೆತು ಹಿಂದಿರುಗಿದಳು. ಅತ್ತೆ ನೆಲಕ್ಕೆ ಕೂತು ಬಾಗಿಲ ಕೀಲಿನ ಸಂದಿಗೆ ಮಡಚಿದ ರಟ್ಟು ತುರುಕುತ್ತಿದ್ದರು! ಆಗಲೇ ಫೋನಾಗಿತ್ತೇನೋ, ಹಿಂದೆಯೇ ಉಳಿ, ಸುತ್ತಿಗೆ ಹಿಡಿದು ಬಡಗಿಯೂ ಬಂದ.

"ಓಹೋ… ನನ್ನ ಈ ಮನೆಯಿಂದ ಸಾಗಹಾಕೋಕೆ ಇಬ್ಬರದೂ ನಾಟಕ! ನಾನು ಅಷ್ಟು ಭಾರವಾದೆನಾ ಅತ್ತೆ?"

"ಹುಚ್ಚಿ!" ಅತ್ತೆಯ ಕಣ್ಣು ತುಂಬಿತು. "ನನ್ನ ಮಗ ಹೋದ ಮೇಲೆ ನೀನು ತೌರಿಗೆ ಹೋಗಬಹುದಿತ್ತು. ಹೋಗಲಿಲ್ಲ. ನಾನು ಅನ್ನ ಬಿಟ್ಟಾಗ ತುತ್ತಿಟ್ಟು ಬದುಕಿಸಿದೆ. ಹೆತ್ತು ಪಡೆದ ಮಗನ್ನ ಕಳ್ಕೊಂಡೆ, ಹೆರದೇ ಸಿಕ್ಕ ಮಗಳನ್ನ ಕಳ್ಸಿಬಿಡ್ತೀನಾ? ಊರಿಗೆಲ್ಲ ಕನ್ನಡಕ ಹಾಕ್ತೀಯ, ಎದುರಿಗೆ ನಿಂತಿರೋ ಮನುಷ್ಯ ನಿನಗೆ ಕಾಣಲ್ಲ! ಅದಕ್ಕೇ ಈ ಕಳ್ಳಾಟ. ಇವನಿಗೇನೂ ಗೊತ್ತಿಲ್ಲ."

"ಗೊತ್ತಿತ್ತು ಅಮ್ಮ," ಎಂದ ಅವನು ಮೆಲ್ಲಗೆ. "ಮೊದಲ ಸಲವೇ ರಟ್ಟು ನೋಡಿದೆ."

ಅತ್ತೆ ನಾಲಿಗೆ ಕಚ್ಚಿಕೊಂಡು ಅಡುಗೆಮನೆಗೆ ಜಾರಿಕೊಂಡರು.

"ಮತ್ತೆ ಯಾಕೆ ಸುಮ್ಮನಿದ್ರಿ?" ಅವಳು ಕೇಳಿದಳು.

"ಹೇಳಿಬಿಟ್ರೆ… ನಿಮ್ಮನ್ನ ನೋಡೋಕೆ ಬೇರೆ ನೆಪ ಇರಲಿಲ್ಲ."

ಅವಳ ಕೋಪ ಮಂಜಿನಂತೆ ಕರಗಿತು. "ನಾನು ಅತ್ತೆನ ಬಿಟ್ಟು ಎಲ್ಲಿಗೂ ಬರಲ್ಲ."

"ಬನ್ನಿ ಅಂತ ಯಾರು ಕೇಳಿದ್ರು?"

"ನನ್ನವರ ನೆನಪು ನನ್ನ ಜೊತೆ ಯಾವಾಗ್ಲೂ ಇರುತ್ತೆ…"

"ಇರಲಿ. ಅವರನ್ನ ಅಷ್ಟು ಪ್ರೀತಿಸಿದ ಮನಸ್ಸೇ ನನಗೆ ಇಷ್ಟವಾಗಿದ್ದು."

ಎಷ್ಟೋ ಕಾಲದ ಮೇಲೆ ಅವಳಿಗೆ ಬದುಕಿನ ಮೇಲೆ ದೂರಿರಲಿಲ್ಲ. ಹೋದವನಿಗೂ, ಒಳಗೆ ಪಾತ್ರೆ ಸದ್ದು ಮಾಡುತ್ತಾ ಕಿವಿಗೊಟ್ಟಿದ್ದ ತಾಯಿಗೂ, ಎದುರಿಗಿದ್ದವನಿಗೂ ಮನಸ್ಸು ಒಟ್ಟಿಗೇ ಕೈಮುಗಿಯಿತು.

"ನೀವು ಎಷ್ಟು ಸಲ ಕರೆದ್ರೂ ನಾನು ಬರ್ತೀನಿ," ಎಂದ ಅವನು.

ಅವಳು ಅವನ ಒರಟು ಅಂಗೈಯ ಮೇಲೆ ತನ್ನ ಕೈಯಿಟ್ಟಳು.

"ಬರ್ತಾ ಹೋಗ್ತಾ ಇರೋದು ಬೇಡ…"

"ಮತ್ತೆ?"

"ಇದ್ದುಬಿಡಿ."