ಕೇಳಿದ್ದು: ಎದುರು ಮೇಜು

ಅವಳಿಗೆ ತನ್ನನ್ನು ಕಂಡರೆ ಹೇಸಿಗೆಯೋ, ಬರೀ ತಮಾಷೆಯೋ? ಯಾವುದಾದರೂ ಒಂದಾಗಿದ್ದರೆ ಸಹಿಸಬಹುದಿತ್ತು. ಯಾವುದೆಂದು ಗೊತ್ತಿಲ್ಲದೆ ದಿನಕ್ಕೆ ಎಂಟು ಗಂಟೆ ಅವಳ ಎದುರು ಕೂರುವುದು ಅವನಿಗೆ ಕಷ್ಟವಾಗಿತ್ತು. ಅವನು ಬಾಯಿ ತೆರೆದಾಗಲೆಲ್ಲ ಅವಳು ಪೆನ್ನು ಎತ್ತಿಕೊಳ್ಳುತ್ತಿದ್ದಳು. ಕತ್ತು ಮಾತ್ರ ಎತ್ತುತ್ತಿರಲಿಲ್ಲ. ಕೆಳತುಟಿಯನ್ನು ಹಲ್ಲಿನಲ್ಲಿ ಒತ್ತಿಕೊಂಡು ಏನೋ ಗೀಚಿ, ಆ ಚೀಟಿಯನ್ನು ಮಗುಚಿ ಇಟ್ಟುಬಿಡುತ್ತಿದ್ದಳು.

ನಿಘಂಟಿನ ಕಚೇರಿಯಲ್ಲಿ ಉದಾಹರಣೆ ಹುಡುಕುವುದು ಅವಳ ಕೆಲಸ, ತಿದ್ದುವುದು ಅವನದು. ಏಳು ತಿಂಗಳಿಂದ ಇಬ್ಬರ ನಡುವೆ ಇದ್ದದ್ದು ಒಂದೇ ಪದ: ಹಿಡಿ. ಕೊಡಲಿಗೂ ಹಿಡಿ, ಅಕ್ಕಿಯೂ ಒಂದು ಹಿಡಿ. ಬಸ್ಸನ್ನೂ ಹಿಡಿಯುತ್ತಾರೆ, ಕಳ್ಳನನ್ನೂ ಹಿಡಿಯುತ್ತಾರೆ. ನೆಗಡಿ ಮಾತ್ರ ತಾನಾಗಿ ಬಂದು ಹಿಡಿಯುತ್ತದೆ. ಬಗೆದಷ್ಟೂ ಆ ಪದ ಮುಗಿಯುತ್ತಿರಲಿಲ್ಲ.

ಹಳೆಯ ಚೀಟಿಗಳ ಪೆಟ್ಟಿಗೆ ತೆರೆದರೆ ಹುಳಿ ಹಿಟ್ಟಿನಂಥ ವಾಸನೆ ಮುಖಕ್ಕೆ ಬಡಿಯುತ್ತಿತ್ತು. ಅಂಚುಗಳಲ್ಲಿ ಹಸಿರು ಬೂಷ್ಟು. ಒಂದು ಚೀಟಿಯ ಬೆನ್ನಿಗೆ ಜಿರಳೆ ಮೊಟ್ಟೆಯ ಕಂದು ಚಿಪ್ಪು ಅಂಟಿಕೊಂಡಿತ್ತು. ಸಂಪಾದಕರು ಬೆರಳನ್ನು ನಾಲಿಗೆಗೆ ಒತ್ತಿ ಒಂದೊಂದೇ ಚೀಟಿ ಮಗುಚಿ, ಅದೇ ಎಂಜಲಿನ ಕಟ್ಟನ್ನು ಅವನ ಕೈಗೆ ಕೊಡುತ್ತಿದ್ದರು. ಅವನು ಕರವಸ್ತ್ರ ಹಾಸಿ ಈಸಿಕೊಳ್ಳುತ್ತಿದ್ದ. ಕಚೇರಿಯವರು ಅವನಿಗೆ ಇಟ್ಟ ಹೆಸರು ಛೀ ಸಾಹೇಬರು.

ಸಂಪಾದಕರದ್ದು ಒಂದು ಹಟವಿತ್ತು. ಪುಸ್ತಕದಿಂದ ಎತ್ತಿದ ವಾಕ್ಯ ಬೇಡ, ಕೂತು ಕಟ್ಟಿದ್ದೂ ಬೇಡ. ಯಾರದೋ ಬಾಯಿಂದ ತಾನಾಗಿ ಬಿದ್ದ ಮಾತೇ ಆಗಬೇಕು, ಯಾರಿಂದ ಕೇಳಿದ್ದೆಂದು, ಹೆಸರು ಹಾಕದೆ, ಚೀಟಿಯ ಕೆಳಗೆ ಬರೆಯಬೇಕು. ತನ್ನ ಮಾತನ್ನು ತಾನೇ ಬರೆದುಕೊಳ್ಳುವ ಹಾಗಿಲ್ಲ. ಇನ್ನೊಬ್ಬರಿಂದ ಹೇಳಿಸಿ ಬರೆದದ್ದೆಂದು ಗೊತ್ತಾದರೆ ಎಲ್ಲರೆದುರೇ ಹರಿದು ಬುಟ್ಟಿಗೆ ಹಾಕುತ್ತಿದ್ದರು.

ಸಂಪುಟ ಮುಗಿಯಲು ಹತ್ತು ದಿನ ಉಳಿದಿದ್ದಾಗ ಅಷ್ಟೂ ದಿನ ಮಗುಚಿಟ್ಟ ಅವಳ ಚೀಟಿಗಳ ಕಟ್ಟು ತಿದ್ದಲೆಂದು ಅವನ ಮೇಜಿಗೆ ಬಂತು.

‘ಗೋಡೆಗೆ ಬೂಷ್ಟು ಹಿಡಿದಿದೆ, ಇಲ್ಲಿ ಯಾರಿಗೂ ಕಣ್ಣಿಲ್ಲ.’ ಕೇಳಿದ್ದು: ಎದುರು ಮೇಜು. ‘ಮೂಗು ಹಿಡ್ಕೊಂಡೇ ಒಳಗೆ ಬರಬೇಕು.’ ಕೇಳಿದ್ದು: ಎದುರು ಮೇಜು. ‘ಈ ಕುರ್ಚಿ ಒರೆಸೋಕೆ ಅರ್ಧ ಗಂಟೆ ಹಿಡಿಯುತ್ತೆ.’ ಎದುರು ಮೇಜು. ಒಟ್ಟು ಅರವತ್ತೆರಡು ಚೀಟಿಗಳಲ್ಲಿ ನಲವತ್ತೊಂದು ಅವನವೇ. ಏಳು ತಿಂಗಳು ತಾನು ಕಕ್ಕಿದ್ದನ್ನೆಲ್ಲ ಯಾರೋ ದುಂಡಗಿನ ಅಕ್ಷರದಲ್ಲಿ ಬರೆದು ತಟ್ಟೆಯಲ್ಲಿ ತಂದಿಟ್ಟಂತಿತ್ತು. ಮೊದಲ ಸಲ ಅವನಿಗೆ ಗೋಡೆಯ ಬದಲು ತನ್ನ ಬಾಯಿಯ ಮೇಲೆಯೇ ಹೇಸಿಗೆ ಬಂತು.

ಮನೆಯಲ್ಲಿ ಅಕ್ಕನ ಹತ್ತಿರ ಹೇಳಿಕೊಂಡರೆ ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು. ಅವನು ತೊಳೆದ ಲೋಟವನ್ನು ಮತ್ತೊಮ್ಮೆ ತೊಳೆಯುತ್ತಿದ್ದ. ನಕ್ಕು ಮುಗಿದ ಮೇಲೆ ಕೇಳಿದಳು: “ಅಲ್ಲ ಕಣೋ, ನಿನಗೆ ಹಿಡಿಸೋದು ಅಂತ ಈ ಭೂಮಿ ಮೇಲೆ ಒಂದಾದ್ರೂ ಇದೆಯಾ?”

ಇತ್ತು. ಚೀಟಿ ಬರೆದಾದ ಮೇಲೆ ಅವಳು ಪೆನ್ನಿನ ಮುಚ್ಚಳವನ್ನು ಟಕ್ಕೆಂದು ಮುಚ್ಚುವ ಸದ್ದು. ಅವಳ ಮೇಜಿನ ಪಕ್ಕದ ಕಿಟಕಿಯ ಬಿಸಿಲು ಕಿವಿಯಂಚನ್ನು ದಾಟಿ ಬರುವಾಗ ಆ ಅಂಚು ತೆಳುವಾಗಿ ಕೆಂಪಾಗುವುದು. ಅವಳು ಮುಟ್ಟಿದ ಹಳೆಯ ಚೀಟಿಗಳ ಕಟ್ಟನ್ನು ಮಾತ್ರ ಅವನು ಕರವಸ್ತ್ರವಿಲ್ಲದೆ ತೆಗೆದುಕೊಳ್ಳುತ್ತಿದ್ದ, ಇದು ಅವನಿಗೇ ತಡವಾಗಿ ತಿಳಿದದ್ದು. ಅಕ್ಕನ ಮುಂದೆ ಅವನು ಲೋಟವನ್ನು ಮೂರನೇ ಸಲ ನೀರಿಗೆ ಹಿಡಿದ.

ಮರುದಿನದಿಂದ ಬಾಯಿಗೆ ಬೀಗ ಹಾಕಿಕೊಂಡ. ಸಂಪಾದಕರು ಸೀನಿ ಅದೇ ಕೈಯಲ್ಲಿ ಚೀಟಿ ಕೊಟ್ಟರೂ ಛೀ ಎನ್ನಲಿಲ್ಲ. ಎದುರಿನ ಪೆನ್ನು ಎರಡು ಮೂರು ಸಲ ಎದ್ದು, ಕಾದು, ಮಲಗಿತು.

ಕೊನೆಯ ದಿನ ಬಂತು. ಸಂಪುಟದ ಜೊತೆಗೆ ಅವಳ ಕೆಲಸವೂ ಮುಗಿಯುತ್ತಿತ್ತು. ಅಣ್ಣ ಅತ್ತಿಗೆ ಇರುವ ಊರಿನ ಶಾಲೆಯೊಂದರಲ್ಲಿ ಪಾಠ ಹೇಳಲು ಒಪ್ಪಿಕೊಂಡಿದ್ದಳು. ಸಂಜೆಯ ರೈಲು. ಮಧ್ಯಾಹ್ನ ಉಳಿದವರು ಟೀಗೆ ಇಳಿದಾಗ ಅವಳು ಕುರ್ಚಿಯನ್ನು ಅವನ ಕಡೆ ತಿರುಗಿಸಿದಳು.

“ನೀವು ಮಾತು ಬಿಟ್ಟು ಒಂಬತ್ತು ದಿನ ಆಯ್ತು.”

“ನನ್ನ ಮಾತೆಲ್ಲ ನಿಮ್ಮ ಹತ್ತಿರಾನೇ ಇದೆಯಲ್ಲ.”

“ಕೋಪಾನಾ?”

“ನಲವತ್ತೊಂದು ಚೀಟಿ. ಬಸ್ಸಲ್ಲಿ, ಅಂಗಡೀಲಿ ಬೇರೆ ಯಾರೂ ಮಾತಾಡಲ್ವಾ?”

“ಮಾತಾಡ್ತಾರೆ.” ಪೆನ್ನಿನ ಮುಚ್ಚಳ ತೆಗೆದಳು, ಮುಚ್ಚಿದಳು. “ನನಗೆ ಕೇಳಿಸ್ತಿದ್ದದ್ದು ನೀವೊಬ್ಬರೇ.”

ಅವನು ಕತ್ತು ಎತ್ತಿದ. ಅವಳೂ ಎತ್ತಿದ್ದಳು. ತಮಾಷೆ ಅಲ್ಲಿರಲಿಲ್ಲ, ಹೇಸಿಗೆಯಂತೂ ಮೊದಲೇ ಇರಲಿಲ್ಲ. ಅವಳು ಡ್ರಾಯರಿನಿಂದ ಒಂದು ಹೊಸ ಚೀಟಿ ತೆಗೆದು ಇಬ್ಬರ ನಡುವೆ ಇಟ್ಟಳು. ತಲೆಬರಹವಿತ್ತು: ಹಿಡಿಸು, ಮನಸ್ಸಿಗೆ ಒಪ್ಪು. ಅದರ ಕೆಳಗೆ ಖಾಲಿ.

“ಇದೊಂದು ಉಳಿದಿದೆ,” ಎಂದಳು. “ಹೇಳಿಸಿ ಬರೆಯೋ ಹಾಗಿಲ್ಲ. ನಿಮಗೆ ಗೊತ್ತಲ್ಲ.”

ಗೊತ್ತಿತ್ತು. ಬೂಷ್ಟು, ಎಂಜಲು, ಜಿರಳೆ ಎಲ್ಲವೂ ದಾಟಿ ಬಂದ ಬಾಯಿ ತನ್ನದು. ಆ ಬಾಯಿಯಿಂದ ಈ ಮಾತನ್ನು ಹೇಗೆ ಆಡುವುದು? ಕಣ್ಣು ತಪ್ಪಿಸಲು ಮೇಜನ್ನು ನೋಡಿದ. ಬೆಳಗಿನ ಟೀ ಲೋಟ, ತಳದಲ್ಲಿ ಸತ್ತ ನೊಣ.

“ಲೋಟಕ್ಕೆ ಜಿಡ್ಡು ಹಿಡಿದಿದೆ,” ಎಂದ.

ಅವಳು ನಕ್ಕಳು, ಆದರೆ ಮೆಲ್ಲಗೆ. “ಜಿಡ್ಡು ಆಗಲೇ ಬಂದಿದೆ. ಹದಿನೇಳನೇ ಚೀಟಿ.”

ಖಾಲಿ ಚೀಟಿಯನ್ನು ಎತ್ತಿಕೊಂಡು ಸಂಪಾದಕರ ಕೋಣೆಗೆ ಹೋದಳು. ಹೊರಟು ನಿಂತಾಗ ಅವನ ಲೋಟವನ್ನು ತೊಳೆದು ಮಗುಚಿ ಇಟ್ಟು ಹೋಗಿದ್ದಳು. ಅವನು ಅದನ್ನು ಮತ್ತೆ ತೊಳೆಯಲಿಲ್ಲ.

ಮೂರು ತಿಂಗಳ ಮೇಲೆ ಅಚ್ಚಿನ ಕರಡು ಬಂತು. ಮಸಿಯ ಘಾಟಿಗೆ ಮೂಗು ಸೊಟ್ಟಗೆ ಮಾಡಿಕೊಂಡು ತಿದ್ದುತ್ತ ಹೋದವನು ‘ಹಿಡಿಸು’ವಿನ ಎದುರು ನಿಂತ.

‘ಎಲ್ಲಕ್ಕೂ ಛೀ ಅನ್ನೋ ಅವರು ನನಗೆ ಹಿಡಿಸಿದ್ರು.’ ಕೇಳಿದ್ದು: ಕಿಟಕಿ ಮೇಜು.

ಸಂಪಾದಕರನ್ನು ಕೇಳಿದ. ಚೀಟಿ ಒಪ್ಪಿಸಲು ಬಂದಾಗ ಯಾಕಮ್ಮ ಖಾಲಿ ಎಂದು ತಾವು ಕೇಳಿದ್ದಕ್ಕೆ ಅವಳು ಇಷ್ಟು ಹೇಳಿ ಕಣ್ಣೊರೆಸಿಕೊಂಡಳೆಂದೂ, ಹೇಳಿಸಿದ್ದಲ್ಲ, ತಾನಾಗಿ ಬಿದ್ದದ್ದಾದ್ದರಿಂದ ತಾವೇ ಬರೆದುಕೊಂಡೆವೆಂದೂ ಅವರು ಹೇಳಿದರು. ಬೆರಳನ್ನು ನಾಲಿಗೆಗೆ ಒತ್ತಿ ಒಂದು ಹಾಳೆ ಮಗುಚಿದರು. “ಅವಳ ವಿಳಾಸ ಇದೆ ಕಣಯ್ಯಾ. ಬೇಕಾ?”

ಅವನು ಕರಡಿನತ್ತ ಬಾಗಿ, ಅಚ್ಚಿನವರು ಇಲ್ಲೊಂದು ಅಕ್ಷರ ಒಡೆದಿದ್ದಾರೆ ಎಂದ. ನಿಜಕ್ಕೂ ಆ ವಾಕ್ಯದಲ್ಲಿ ತಿದ್ದುವುದು ಏನೂ ಇರಲಿಲ್ಲ. ಅಂಚಿನಲ್ಲಿ ‘ಸರಿಯಿದೆ’ ಎಂದು ಬರೆದು ರುಜು ಹಾಕಿ, ಹಾಳೆಯನ್ನು ಬರಿಗೈಯಲ್ಲಿ ಎತ್ತಿ ಕೊಟ್ಟ.

ಅವಳು ತನಗೆ ಹಿಡಿಸಿದ್ದಳು ಎಂದು ಅವನು ಅವಳಿಗೆ ಹೇಳಲೇ ಇಲ್ಲ.